ಕಂಪೈಲ್ ಆಗುತ್ತೆ, ಲಿಂಕ್ ಆಗಲ್ಲ: ‘ಅನ್‌ಡಿಫೈನ್ಡ್ ರೆಫರೆನ್ಸ್ ಟು ಎಸ್‌ಕ್ಯುಆರ್‌ಟಿ’

ಪ್ರಶ್ನೆ:
ಉಬುಂಟು ಲಿನಕ್ಸ್‌ನಲ್ಲಿ ಜಿಸಿಸಿ ಕಂಪೈಲರ್ ಬಳಸಿ ಸಿ ಭಾಷೆ ಕಲೀತಿದ್ದೀನಿ. ವರ್ಗಮೂಲ ಕೊಡೋ ಎಸ್‌ಕ್ಯುಆರ್‌ಟಿ ಫಂಕ್ಷನ್‌ಗೆ ಬೇಕಾದ ಮ್ಯಾತ್.ಎಚ್ ಹೆಡರ್ ಇನ್‌ಕ್ಲೂಡ್ ಮಾಡಿದ್ರೂ ಮೇಲಿನ ಎರರ್ ಬರ್ತಿದೆ, ಕೆಳಗೆ ‘ಎಲ್‌ಡಿ ರಿಟರ್ನ್ಡ್ 1 ಎಗ್ಸಿಟ್ ಸ್ಟೇಟಸ್’ ಅಂತಿದೆ. ಎಸ್‌ಕ್ಯುಆರ್‌ಟಿ(2.0) ಅಂತ ನೇರವಾಗಿ ಬರೆದ್ರೆ ಓಡುತ್ತೆ, ಸ್ಕ್ಯಾನ್‌ಎಫ್‌ನಲ್ಲಿ ಓದಿದ ಎಕ್ಸ್ ಕೊಟ್ರೆ ಮಾತ್ರ ಎರರ್. ಹೆಡರ್ ಎರಡರಲ್ಲೂ ಇದೆಯಲ್ಲ?

ಉತ್ತರ 1:
ಹೆಡರ್‌ನಲ್ಲಿರೋದು ಬರೀ ಡಿಕ್ಲರೇಷನ್: ಈ ಹೆಸರಿನ ಫಂಕ್ಷನ್ ಇದೆ, ಡಬಲ್ ತಗೊಂಡು ಡಬಲ್ ಕೊಡುತ್ತೆ ಅಂತ. ಕಂಪೈಲರ್‌ಗೆ ಅಷ್ಟು ಸಾಕು. ನಿಜವಾದ ಕೋಡ್ ಲಿಬ್‌ಎಮ್ ಅನ್ನೋ ಬೇರೆ ಲೈಬ್ರರಿಯಲ್ಲಿದೆ, ಅದನ್ನ ಹುಡುಕಿ ನಿಮ್ಮ ಕೋಡಿಗೆ ಜೋಡಿಸೋ ಕೆಲಸ ಲಿಂಕರ್‌ದು, ಅಂದ್ರೆ ಎಲ್‌ಡಿದು. ಹೀಗೆ ಕೊಡಿ:

ಜಿಸಿಸಿ -ವಾಲ್ ಲೆಕ್ಕ.ಸಿ -ಓ ಲೆಕ್ಕ -ಎಲ್‌ಎಮ್

-ಎಲ್‌ಎಮ್ ಅಂದ್ರೆ ಲಿಬ್‌ಎಮ್ ಸೇರಿಸು ಅಂತ, ಅದು ಕೊನೆಯಲ್ಲೇ ಇರಲಿ. ಲಿಂಕರ್ ಎಡದಿಂದ ಬಲಕ್ಕೆ ನೋಡ್ಕೊಂಡು ಹೋಗುತ್ತೆ. ಉಬುಂಟುನಲ್ಲಿ ಲೈಬ್ರರಿ ಮೊದಲೇ ಬಂದ್ರೆ, ಇದನ್ನ ಇನ್ನೂ ಯಾರೂ ಕೇಳಿಲ್ಲ ಅಂತ ಬಿಟ್ಟು ಮುಂದೆ ಹೋಗುತ್ತೆ.

2.0 ಕೊಟ್ಟಾಗ ಜಿಸಿಸಿ ಕಂಪೈಲ್ ಹೊತ್ತಲ್ಲೇ ವರ್ಗಮೂಲ ಲೆಕ್ಕ ಹಾಕಿ 1.4142… ಅನ್ನೋ ಸಂಖ್ಯೆಯನ್ನೇ ಕೂರಿಸಿಬಿಡುತ್ತೆ. ಫಂಕ್ಷನ್ ಕಾಲೇ ಉಳಿಯಲ್ಲ, ಲಿಂಕರ್ ಹುಡುಕೋದೇನು? ಹೀಗೆ ಮಾಡ್ಬೇಡ ಅನ್ನೋ -ಎಫ್‌ನೋ-ಬಿಲ್ಟ್‌ಇನ್ ಹಾಕಿ ನೋಡಿ, 2.0 ಕೊಟ್ರೂ ಅದೇ ಎರರ್ ಬರುತ್ತೆ.

ಉತ್ತರ 2:
ಎರರ್ ಯಾರದು ಅಂತ ಅನುಮಾನ ಬಂದ್ರೆ ಜಿಸಿಸಿ -ಸಿ ಲೆಕ್ಕ.ಸಿ ಕೊಡಿ. ಲೆಕ್ಕ.ಓ ಫೈಲ್ ಹುಟ್ಟಿದ್ರೆ ಕಂಪೈಲರ್ ತಕರಾರಿಲ್ಲ. ಆಮೇಲೆ ಎನ್‌ಎಮ್ ಲೆಕ್ಕ.ಓ ಕೊಡಿ, ಫೈಲಲ್ಲಿರೋ ಹೆಸರುಗಳ ಪಟ್ಟಿ ಬರುತ್ತೆ. ಹೆಸರಿನ ಎಡಕ್ಕೆ ‘ಟಿ’ ಇದ್ರೆ ಆ ಫಂಕ್ಷನ್ ಈ ಫೈಲಲ್ಲೇ ಇದೆ, ‘ಯು’ ಇದ್ರೆ ಹೊರಗಿಂದ ಬರಬೇಕು. ನಿಮ್ಮದರಲ್ಲಿ ಮೇನ್‌ಗೆ ಟಿ, ಎಸ್‌ಕ್ಯುಆರ್‌ಟಿಗೆ ಯು ಕಾಣುತ್ತೆ.

ಕೇಳಿದವರು:
ಸರಿಹೋಯ್ತು, ಥ್ಯಾಂಕ್ಸ್. ಕೋಡನ್ನ ಎರಡು ಸಿ ಫೈಲ್ ಮಾಡಿದ್ಮೇಲೆ ‘ಮಲ್ಟಿಪಲ್ ಡೆಫಿನಿಷನ್ ಆಫ್ ಕೌಂಟ್’ ಅಂತಿದೆ. ಹೆಡರ್‌ನಲ್ಲಿ ‘ಇಂಟ್ ಕೌಂಟ್;’ ಇದೆ, ಗಾರ್ಡೂ ಹಾಕಿದ್ದೀನಿ. ಲ್ಯಾಬ್‌ನ ಹಳೇ ಮಷಿನ್‌ನಲ್ಲಿ ಇದೇ ಕೋಡ್ ಓಡುತ್ತೆ!

ಉತ್ತರ 1:
ಗಾರ್ಡ್ ತಡೆಯೋದು ಒಂದೇ ಸಿ ಫೈಲಿಗೆ ಹೆಡರ್ ಎರಡು ಸಲ ಸೇರೋದನ್ನ. ಇಲ್ಲಿ ಎರಡು ಸಿ ಫೈಲಿಗೂ ಒಂದೊಂದು ಸಲ ಸೇರಿ, ಎರಡು ಕೌಂಟ್ ಹುಟ್ಟಿವೆ. ಲ್ಯಾಬ್‌ನಲ್ಲಿರೋದು ಜಿಸಿಸಿ 10ಕ್ಕಿಂತ ಹಳೇದಿರಬೇಕು. 2020ರಲ್ಲಿ ಬಂದ ಆ ಆವೃತ್ತಿಯಿಂದ -ಎಫ್‌ನೋ-ಕಾಮನ್ ಡೀಫಾಲ್ಟ್ ಆಯ್ತು. ಅದಕ್ಕೂ ಮುಂಚೆ ಇಂಥ ಎರಡನ್ನ ಲಿಂಕರ್ ಸದ್ದಿಲ್ಲದೆ ಒಂದು ಮಾಡ್ತಿತ್ತು.

ಹೆಡರ್‌ನಲ್ಲಿ ‘ಎಕ್ಸ್‌ಟರ್ನ್ ಇಂಟ್ ಕೌಂಟ್;’ ಅಂತ ಬರೀ ಡಿಕ್ಲರೇಷನ್ ಬರೆದು, ಯಾವುದಾದ್ರೂ ಒಂದೇ ಸಿ ಫೈಲಲ್ಲಿ ‘ಇಂಟ್ ಕೌಂಟ್ = 0;’ ಇಡಿ. ಹಳೇ ರೀತಿಗೆ ತರೋ -ಎಫ್‌ಕಾಮನ್ ಹಾಕಿ ಅಂತ ಯಾರಾದ್ರೂ ಹೇಳ್ತಾರೆ, ಕೇಳ್ಬೇಡಿ. ಹೆಡರ್‌ನಲ್ಲಿ ‘= 0’ ಸೇರಿಸಿದ ದಿನ ಅದೂ ಕೈಕೊಡುತ್ತೆ.