ಮಳೆ ಹಿಡಿಯುವವರೆಗೆ ಹಿತ್ತಲು ಉಳಿಸಿಕೊಳ್ಳುವುದು ಹೇಗೆ?

ಶಿವಮೊಗ್ಗ ಗೋಪಾಳದಿಂದ ಒಬ್ಬರ ಪ್ರಶ್ನೆ: ಹೋದ ವರ್ಷ ಸ್ವಂತ ಮನೆಗೆ ಬಂದೆವು. ಸುತ್ತ ಇರುವ ಚೂರು ಜಾಗದಲ್ಲಿ ಮಲ್ಲಿಗೆ, ದಾಸವಾಳ, ಕರಿಬೇವು, ಬಸಳೆ ಇವೆ. ಟೆರೇಸ್ ಮೇಲೆ ಗುಲಾಬಿ ಕುಂಡಗಳು. ಮಾರ್ಚ್ ಬಂದದ್ದೇ ತಡ, ಎಲ್ಲ ಬಾಡತೊಡಗಿವೆ. ದಿನಾ ಎರಡು ಹೊತ್ತು ನೀರು ಹಾಕಿದರೂ ಅಷ್ಟೇ. ಬೋರ್‌ವೆಲ್ ನೀರೂ ಸಣ್ಣಗಾಗಿದೆ. ಜೂನ್‌ವರೆಗೆ ಹೇಗೆ ದಾಟಿಸುವುದು? ಮಾಡಿ ಗೊತ್ತಿದ್ದವರು ಹೇಳಿ.

ತೀರ್ಥಹಳ್ಳಿ ಕಡೆಯಿಂದ: ಮೊದಲು ಆ ಎರಡು ಹೊತ್ತಿನ ನೀರು ನಿಲ್ಲಿಸಿ ಮಾರಾಯ್ರೆ. ಪೈಪ್ ಹಿಡಿದು ಎಲ್ಲದಕ್ಕೂ ಸಿಂಪಡಿಸಿ, ಅರ್ಧ ಗಂಟೆ ಬಿಟ್ಟು ಬುಡದಲ್ಲಿ ಬೆರಳು ಚುಚ್ಚಿ ನೋಡಿ. ಮೊದಲ ಗೆಣ್ಣಿನವರೆಗೆ ಹಸಿ, ಅದರ ಕೆಳಗೆ ಬೂದಿಯಂಥ ಒಣ ಪುಡಿ. ನೀರು ಮೇಲೆಯೇ ಸಿಗುತ್ತದೆಂದು ಬೇರೂ ಮೇಲಕ್ಕೇ ಬರುತ್ತದೆ, ಮಧ್ಯಾಹ್ನದ ಬಿಸಿಲಿಗೆ ಅಲ್ಲೇ ಬೇಯುತ್ತದೆ. ಲೆಕ್ಕ ಸುಲಭ: ಒಂದು ಚದರ ಮೀಟರ್ ಜಾಗಕ್ಕೆ 10 ಲೀಟರಿನ ಒಂದು ಬಕೆಟ್ ಸುರಿದರೆ ನೆಲದ ಮೇಲೆ ನಿಲ್ಲುವುದು ಒಂದೇ ಸೆಂಟಿಮೀಟರ್ ನೀರು. ಹಾಗಿರುವಾಗ ಮಗ್ಗಿನಲ್ಲಿ ಹಾಕುವುದು ನಮ್ಮ ಸಮಾಧಾನಕ್ಕೆ ಮಾತ್ರ. ನೆಲದ ಗಿಡಗಳಿಗೆ ಮೂರು ನಾಲ್ಕು ದಿನಕ್ಕೊಮ್ಮೆ, ಇಳಿಹೊತ್ತಿನಲ್ಲಿ, ಎರಡು ಬಕೆಟ್ ನಿಧಾನಕ್ಕೆ ಇಳಿಯುವ ಹಾಗೆ ಕೊಡಿ. ಕಾಂಡದ ಬುಡಕ್ಕಲ್ಲ, ರೆಂಬೆಯ ನೆರಳು ಮುಗಿಯುವಲ್ಲಿ ಪಾತಿ ಮಾಡಿ ಅಲ್ಲಿಗೆ. ಮಧ್ಯಾಹ್ನ ಜೋಲುಬಿದ್ದ ಎಲೆ ಸಂಜೆಗೆ ತಾನಾಗಿ ಎದ್ದರೆ ಗಾಬರಿ ಬೇಡ, ಗಿಡ ಬಿಸಿಲಿಗೆ ತಲೆ ತಗ್ಗಿಸಿದೆ ಅಷ್ಟೇ. ಬೆಳಿಗ್ಗೆಯೂ ಬಾಡಿಯೇ ಇದ್ದರೆ ಆಗ ನೀರು ಬೇಕು ಅಂತ ಅರ್ಥ.

ಆದರೆ ನನ್ನ ಕೇಳಿದರೆ ನೀರಿಗಿಂತ ಮುಚ್ಚಿಗೆ, ಅಂದರೆ ಬುಡದ ಮಣ್ಣಿಗೆ ಹೊದಿಕೆ, ಮುಖ್ಯ. ನಮ್ಮ ಜಂಬಿಟ್ಟಿಗೆ ಮಣ್ಣು ಎಷ್ಟು ಮಳೆ ಬಂದರೂ ಬಸಿದು ಕೂರುತ್ತದೆ. ಆಗುಂಬೆಯ ಮಳೆ ಎಂದು ಊರೆಲ್ಲ ಹೇಳಿಕೊಳ್ಳುತ್ತೇವೆ, ಏಪ್ರಿಲ್ ಹೊತ್ತಿಗೆ ಅಲ್ಲೇ ಸುತ್ತಿನ ಬಾವಿಗಳು ತಳ ಕಾಣುತ್ತವೆ. 2023ರ ಮುಂಗಾರು ಕೈಕೊಟ್ಟು ಮರುವರ್ಷದ ಬೇಸಿಗೆ ಕಂಡವರಿಗೆ ಇದನ್ನು ಹೇಳಬೇಕಿಲ್ಲ. ಆ ಬೇಸಿಗೆಯಲ್ಲಿ ನಮ್ಮ ಹಿತ್ತಲಿನಲ್ಲಿ ಹಸಿರಾಗಿ ಉಳಿದದ್ದು ನಾಲ್ಕು ಬೆರಳು ದಪ್ಪ ದರಗು (ಉದುರಿದ ಒಣ ಎಲೆ) ಹೊದೆಸಿದ್ದ ಪಾತಿಗಳು. ನೀರು ಎಲ್ಲದಕ್ಕೂ ಒಂದೇ ಅಳತೆ ಬಿದ್ದಿತ್ತು.

ಪೇಟೆಯಲ್ಲಿ ದರಗು ಎಲ್ಲಿ ಅಂತೀರಿ. ಹಳೆಯ ಅಡಿಕೆ ಸಿಪ್ಪೆ ಆಗುತ್ತದೆ. ರಸ್ತೆ ಬದಿಗೆ ಸುರಿದು ಬೆಂಕಿ ಇಟ್ಟು ಊರಿಗೆಲ್ಲ ಹೊಗೆ ಕುಡಿಸುತ್ತಾರಲ್ಲ, ಅದೇ. ಕೇಳಿದರೆ ಪುಕ್ಕಟೆ ಕೊಡುತ್ತಾರೆ. ಹಸಿ ಸಿಪ್ಪೆ ರಾಶಿಯಲ್ಲಿ ಬಿಸಿಯಾಗುತ್ತದೆ, ಕಪ್ಪಾದದ್ದನ್ನೇ ತನ್ನಿ. ತೆಂಗಿನ ಸಿಪ್ಪೆಯಾದರೆ ಪಾತಿಯಲ್ಲಿ ಗುಳಿಭಾಗ ಮೇಲೆ ಮಾಡಿ ಹೂಳಿ, ನೀರು ಹಿಡಿದಿಟ್ಟುಕೊಳ್ಳುತ್ತದೆ. ಕಾಂಡಕ್ಕೆ ಯಾವುದನ್ನೂ ತಾಗಿಸಬೇಡಿ, ಒಂದು ಗೇಣು ಬಿಡಿ. ಇಲ್ಲದಿದ್ದರೆ ಗೆದ್ದಲು ಮೊದಲು ಹತ್ತುವುದು ಅಲ್ಲಿಗೇ.

ಒಂದು ಮಾತ್ರ ಖಡಾಖಂಡಿತ: ದರಗಿಗೆ ಅಂತ ಈಗ ಕಾಡಿಗೆ ಹೋಗಬೇಡಿ. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಗುರುತಿಸಿದ ಮಂಗನ ಕಾಯಿಲೆ ಇನ್ನೂ ನಮ್ಮ ಬೆನ್ನು ಬಿಟ್ಟಿಲ್ಲ. ಅದನ್ನು ಹರಡುವ ಉಣುಗು (ಉಣ್ಣೆ ಹುಳ) ಚುರುಕಾಗುವುದು ಡಿಸೆಂಬರ್‌ನಿಂದ ಮೇ ತನಕ, ದರಗು ಒಟ್ಟುವ ಕಾಲವೂ ಅದೇ. ಆರೋಗ್ಯ ಇಲಾಖೆಯವರು ಹಳ್ಳಿಗಳಲ್ಲಿ ಉಣುಗು ಹತ್ತದಂತೆ ಮೈಗೆ ಹಚ್ಚಿಕೊಳ್ಳಲು ಡೆಪಾ ಎಣ್ಣೆ ಹಂಚುವುದು ಸುಮ್ಮನೆ ಅಲ್ಲ. ನಿಮ್ಮ ಕಾಂಪೌಂಡಿನ ಮಾವಿನೆಲೆ, ಹಲಸಿನೆಲೆ ಸಾಕು.

ಸಾಗರದಿಂದ: ಮೇಲಿನವರು ಹೇಳಿದ್ದು ಸರಿ. ಸೇರಿಸುವುದು ಇಷ್ಟು: ಬಸಳೆಯನ್ನು ಬಚ್ಚಲ ನೀರು ಹೋಗುವ ಕಡೆ ಹಬ್ಬಿಸಿ. ಬಾಳೆ, ಕೆಸುವಿಗೂ ಅಲ್ಲೇ ಜಾಗ. ನಮ್ಮ ಅತ್ತೆ ಬೇಸಿಗೆಯಲ್ಲಿ ಇವುಗಳಿಗೆಂದು ಒಂದು ಕೊಡ ಬೇರೆ ನೀರು ಸೇದಿದವರಲ್ಲ. ವಾಷಿಂಗ್ ಮಷಿನ್ನಿನ ಮೊದಲ ಸೋಪಿನ ನೀರು ಬೇಡ, ಕೊನೆಯ ಜಾಲಾಡಿಸಿದ ನೀರು ಬಿಡಬಹುದು. ಡೇರೆ ಹೂವಿನ ಗಿಡ (ಡೇಲಿಯಾ) ಇಟ್ಟುಕೊಂಡಿದ್ದರೆ ಅದಕ್ಕೆ ನೀರು ದಂಡ. ಗಡ್ಡೆ ಕಿತ್ತು ಒಣ ಮರಳಲ್ಲಿ ನೆರಳಿಗಿಡಿ, ಮಳೆ ಹಿಡಿದ ಮೇಲೆ ನೆಡಿ.

ಶಿವಮೊಗ್ಗದ ವಿನೋಬನಗರದಿಂದ: ನೀವಿಬ್ಬರೂ ಹಳ್ಳಿ ಲೆಕ್ಕ ಹೇಳುತ್ತಿದ್ದೀರಿ, ಕುಂಡದ ಕಥೆ ಬೇರೆ. ಮೂರು ದಿನಕ್ಕೊಮ್ಮೆ ಅಂತ ಕೂತರೆ ಟೆರೇಸಿನ ಗುಲಾಬಿ ಕಡ್ಡಿಯಾಗುತ್ತದೆ. ಅದಕ್ಕೆ ದಿನಾ ನೀರು ಬೇಕೇ ಬೇಕು, ನಾನು ಹಾಕುವುದು ಬೆಳಿಗ್ಗೆ ಏಳರೊಳಗೆ. ಸಂಜೆ ಕಾಂಕ್ರೀಟು ಇನ್ನೂ ಕಾದಿರುತ್ತದೆ. ಕುಂಡಗಳನ್ನು ಪಡುವಣ ಬಿಸಿಲು ಬೀಳುವ ಗೋಡೆಯಿಂದ ಸರಿಸಿ, ಒಂದಕ್ಕೊಂದು ತಾಗಿಸಿ ಗುಂಪಾಗಿಡಿ, ಕುಂಡದ ಕೆಳಗೆ ಹಲಗೆಯೋ ಇಟ್ಟಿಗೆಯೋ ಕೊಡಿ. ಮೇಲೆ 50 ಪರ್ಸೆಂಟ್ ಬಿಸಿಲು ತಡೆಯುವ ಹಸಿರು ಶೇಡ್ ನೆಟ್ (ನೆರಳು ಬಲೆ) ಕಟ್ಟಿದರೆ ಅರ್ಧ ಕೆಲಸ ಮುಗಿಯಿತು. ಗುಲಾಬಿ ಎಲೆ ಮಂಕಾಗಿ ಸಣ್ಣ ಸಣ್ಣ ಬಿಳಿ ಚುಕ್ಕೆ ಬಂದಿದ್ದರೆ ತಿರುಗಿಸಿ ನೋಡಿ: ಅಡಿಯಲ್ಲಿ ತೆಳ್ಳನೆ ಬಲೆ ಕಂಡರೆ ಅದು ಜೇಡ ನುಸಿ. ಒಣ ಹವೆ ಅಂದರೆ ಅದಕ್ಕೆ ಹಬ್ಬ. ಎಲೆಯ ಅಡಿಗೆ ಬೀಳುವಂತೆ ಬರೀ ನೀರನ್ನು ಜೋರಾಗಿ ಸ್ಪ್ರೇ ಮಾಡಿ, ಎರಡು ದಿನ ಬಿಟ್ಟು ಮತ್ತೆ. ಬಾಡುತ್ತಿದೆ ಅಂತ ಗೊಬ್ಬರ ಮಾತ್ರ ಸುರಿಯಬೇಡಿ, ರೆಂಬೆ ಕತ್ತರಿಸಲೂ ಬೇಡಿ.

ತೀರ್ಥಹಳ್ಳಿಯವರು ಮತ್ತೆ: ಕುಂಡದ ವಿಷಯ ಒಪ್ಪಿದೆ. ಮಲ್ಲಿಗೆಯ ಚಿಂತೆ ಬಿಡಿ, ಅದು ಬಿಸಿಲಿನ ಗಿಡವೇ, ಬುಡ ತಂಪಿದ್ದರೆ ಮೇ ತನಕ ಮೊಗ್ಗು ಕೊಡುತ್ತದೆ. ಎಲ್ಲವನ್ನೂ ಉಳಿಸುತ್ತೇನೆ ಅಂತ ಹೊರಡಬೇಡಿ. ಕರಿಬೇವು, ದಾಸವಾಳ, ಮಲ್ಲಿಗೆಯಂಥ ವರ್ಷಗಟ್ಟಲೆಯ ಗಿಡಗಳಿಗೆ ಮೊದಲ ನೀರು. ಕೊತ್ತಂಬರಿ, ಹರಿವೆ ಒಣಗಿದರೆ ಒಣಗಲಿ, ಬೀಜ ಹಾಕಿದರೆ ಮತ್ತೆ ಬರುತ್ತವೆ. ಏಪ್ರಿಲ್ ಕೊನೆಗೆ ಭರಣಿ ಮಳೆ ಒಂದು ಹದ ಬಿದ್ದು ಮಣ್ಣಿನ ವಾಸನೆ ಎದ್ದ ಕೂಡಲೇ ಪೈಪ್ ಸುತ್ತಿಡಬೇಡಿ. ಗುಡುಗಿನ ಮಳೆ ಅರ್ಧ ಗಂಟೆ ಹೊಡೆದರೂ ಎಷ್ಟೋ ಸಲ ದರಗಿನಡಿಗೆ ಇಳಿದಿರುವುದಿಲ್ಲ. ದರಗು ಸರಿಸಿ, ಬೆರಳು ಚುಚ್ಚಿ ನೋಡಿ, ಕೆಳಗೂ ಹಸಿಯಿದ್ದರೆ ಮಾತ್ರ ಆ ವಾರದ ನೀರು ನಿಲ್ಲಿಸಿ.