22 ಜನ, ಒಂದು ದ್ವೀಪ, ಆರು ರಾತ್ರಿ: ದುಡ್ಡು ಕಟ್ಟುವ ಮೊದಲು ಏನೇನು ನೋಡಿಕೊಳ್ಳಬೇಕು?

ಲೆಕ್ಕಿಗ

ನಾಲ್ಕು ಕುಟುಂಬ, ಜೊತೆಗೆ ಸ್ನೇಹಿತರು, ಒಟ್ಟು 22 ಜನ. ಎಪ್ಪತ್ತು ದಾಟಿದವರು ಮೂವರು, ಹತ್ತರೊಳಗಿನ ಮಕ್ಕಳು ಐದು, ಅದರಲ್ಲೊಂದು ಕೂಸಿಗೆ ಎರಡು ವರ್ಷ ತುಂಬುವುದು ಸರಿಯಾಗಿ ಪ್ರವಾಸದ ನಡುವೆಯೇ. ಮಾಲ್ಡೀವ್ಸ್, ಫುಕೆಟ್, ಬಾಲಿ, ಮಾರಿಷಸ್ ಎಂದು ಗುಂಪಿನಲ್ಲಿ ದಿನಕ್ಕೊಂದು ಹೆಸರು ತೇಲುತ್ತಿದೆ. ಯಾವುದು ಚೆಂದ ಎನ್ನುವ ಚರ್ಚೆ ಬೇಡ, ಅದು ಮುಗಿಯುವುದಿಲ್ಲ. ಕೇಳಬೇಕಾದದ್ದು ಇಷ್ಟು: ಎಲ್ಲರ ಟಿಕೆಟ್ ಒಟ್ಟಿಗೆ ತೆಗೆಯಬೇಕಾ, ಬೇರೆ ಬೇರೆಯಾ? ಒಂದೇ ದೊಡ್ಡ ವಿಲ್ಲಾ ಒಳ್ಳೆಯದಾ, ರೆಸಾರ್ಟಿನಲ್ಲಿ ಏಳೆಂಟು ಕೋಣೆಯಾ? ದೋಣಿ, ನೀರು, ಮಕ್ಕಳು ಇವನ್ನೆಲ್ಲ ಹೇಗೆ ಸಂಭಾಳಿಸುವುದು? ಖರ್ಚು ಹಂಚುವುದು ಹೇಗೆ?

ಗಾಳಿಪಟ

ಹೆಸರಿಗಿಂತ ಮೊದಲು ತಿಂಗಳು ನಿಶ್ಚಯ ಮಾಡಿ. ಮಕ್ಕಳ ರಜೆ ಯಾವಾಗಲೋ ಆ ತಿಂಗಳಿಗೆ ಹೊಂದದ ದ್ವೀಪಗಳು ತಾವಾಗಿಯೇ ಪಟ್ಟಿಯಿಂದ ಉದುರುತ್ತವೆ. ಮಾಲ್ಡೀವ್ಸ್‌ನಲ್ಲಿ ಒಣಹವೆ ಡಿಸೆಂಬರ್‌ನಿಂದ ಏಪ್ರಿಲ್. ಬಾಲಿಯಲ್ಲಿ ಲೆಕ್ಕ ಉಲ್ಟಾ, ಏಪ್ರಿಲ್‌ನಿಂದ ಅಕ್ಟೋಬರ್ ಒಣ, ನವೆಂಬರ್‌ನಿಂದ ಮಾರ್ಚ್ ಮಳೆ. ಮಾರಿಷಸ್‌ಗೆ ಚಂಡಮಾರುತದ ಕಾಲ ನವೆಂಬರ್‌ನಿಂದ ಏಪ್ರಿಲ್. ಥಾಯ್ಲೆಂಡ್ ಎಂದರೆ ಒಂದೇ ಹವೆ ಎಂದುಕೊಳ್ಳಬೇಡಿ: ಫುಕೆಟ್ ಕಡೆ ಮೇನಿಂದ ಅಕ್ಟೋಬರ್‌ವರೆಗೆ ಮಳೆ, ಆಚೆ ಬದಿಯ ಕೊ ಸಮುಯಿ ದ್ವೀಪದಲ್ಲಿ ಜೋರು ಮಳೆ ಅಕ್ಟೋಬರ್‌ನಿಂದ ಡಿಸೆಂಬರ್. ಜುಲೈ, ಆಗಸ್ಟ್‌ನಲ್ಲಿ ಫುಕೆಟ್ ಒದ್ದೆ, ಸಮುಯಿ ಪರವಾಗಿಲ್ಲ. ಮಳೆಗಾಲದಲ್ಲಿ ತೊಂದರೆ ಕೊಡುವುದು ಮಳೆಗಿಂತ ಹೆಚ್ಚಾಗಿ ಅಲೆ. ಗಾಳಿ ಬೀಸುವ ಬದಿಯ ಕಡಲತೀರದಲ್ಲಿ ಕೆಂಪು ಬಾವುಟ ಹಾರಿದರೆ ಐದು ದಿನ ಕಾಲು ನೆನೆಸದೆ ವಾಪಸ್ ಬರಬೇಕಾದೀತು.

ಟಿಕೆಟ್ ವಿಷಯ. ಜಾಲತಾಣದಲ್ಲಿ ಸಾಮಾನ್ಯವಾಗಿ ಒಂದು ಬುಕಿಂಗ್‌ಗೆ 9 ಜನ ಮಾತ್ರ. 9 ಸೀಟು ಒಟ್ಟಿಗೆ ಕೇಳಿದಾಗ ಅಗ್ಗದ ದರದಲ್ಲಿ ನಾಲ್ಕೇ ಉಳಿದಿದ್ದರೆ, ವ್ಯವಸ್ಥೆ ಆ ನಾಲ್ಕನ್ನು ಅಗ್ಗಕ್ಕೆ ಕೊಟ್ಟು ಐದಕ್ಕೆ ಹೆಚ್ಚು ಹಾಕುವುದಿಲ್ಲ, ಒಂಬತ್ತಕ್ಕೂ ಮೇಲಿನ ದರವನ್ನೇ ಹಾಕುತ್ತದೆ. ಹಾಗಾಗಿ ಮೊದಲು 9, ಆಮೇಲೆ 4, ಆಮೇಲೆ 2 ಎಂದು ಹುಡುಕಿ ದರ ಎಲ್ಲಿ ಮುರಿಯುತ್ತದೆ ನೋಡಿ. ಇನ್ನೊಂದು ದಾರಿ ಏರ್‌ಲೈನ್‌ನ ಗುಂಪು ವಿಭಾಗ. ಸಾಮಾನ್ಯವಾಗಿ 10 ಜನರ ಮೇಲಿದ್ದರೆ ಮುಂಗಡ ಕಟ್ಟಿ ಸೀಟು ಹಿಡಿದುಕೊಳ್ಳಬಹುದು, ಹೆಸರುಗಳನ್ನು ತಡವಾಗಿ ಕೊಡಬಹುದು. ದರ ಅಗ್ಗ ಇರಲೇಬೇಕೆಂದಿಲ್ಲ. "ಬರ್ತೀವೋ ಇಲ್ಲವೋ" ಎನ್ನುವವರು ಇಬ್ಬರು ಮೂವರು ಇರುವ ಗುಂಪಿಗೆ ಆ ಸಡಿಲಿಕೆಯೇ ಲಾಭ.

ನನ್ನ ಪ್ರಕಾರ ಕುಟುಂಬಕ್ಕೊಂದು ಬುಕಿಂಗ್ ಸರಿ. ಒಬ್ಬರಿಗೆ ಜ್ವರ ಬಂದರೆ ಅವರ ಟಿಕೆಟ್ ಮಾತ್ರ ಬದಲಾಗುತ್ತದೆ. ಆದರೆ ಏರ್‌ಲೈನ್‌ಗೆ ಫೋನ್ ಮಾಡಿ ಎಲ್ಲ ಪಿಎನ್ಆರ್‌ಗಳಲ್ಲೂ ಪರಸ್ಪರ ಉಲ್ಲೇಖ ಬರೆಸಿ. ವಿಮಾನ ರದ್ದಾದಾಗ ನಿಮ್ಮನ್ನು ಮೂರು ವಿಮಾನಕ್ಕೆ ಚದುರಿಸುವ ಸಾಧ್ಯತೆ ಕಡಿಮೆಯಾಗುತ್ತದೆ.

ಆ ಕೂಸಿನ ವಿಷಯ ಈಗಲೇ ನೋಡಿ. ಎರಡರೊಳಗಿದ್ದರೆ ಮಡಿಲಲ್ಲಿ. ನಡುವೆ ಎರಡು ತುಂಬಿದರೆ ಬಹುತೇಕ ಏರ್‌ಲೈನ್‌ಗಳಲ್ಲಿ ವಾಪಸ್ ಬರುವಾಗ ಸ್ವಂತ ಸೀಟು ಬೇಕು. ವಿಮಾನ ನಿಲ್ದಾಣದ ಕೌಂಟರಿನಲ್ಲಿ ಇದು ಗೊತ್ತಾದರೆ ಆವತ್ತಿನ ದರ ತೆರಬೇಕು. ಅಪ್ಪ, ಅಮ್ಮ ಇಬ್ಬರೂ ಬರದೆ ಅಜ್ಜಿಯ ಜೊತೆ ಅಥವಾ ಒಬ್ಬರ ಜೊತೆ ಮಾತ್ರ ಹೋಗುವ ಮಗು ಇದ್ದರೆ ಸಹಿ ಮಾಡಿದ ಒಪ್ಪಿಗೆ ಪತ್ರ ಇರಲಿ. ಪಾಸ್‌ಪೋರ್ಟಿನಲ್ಲಿ ಆರು ತಿಂಗಳ ಅವಧಿ ಉಳಿದಿದೆಯೇ ಎಂದು 22 ಪಾಸ್‌ಪೋರ್ಟನ್ನೂ ಒಬ್ಬರೇ ಕೂತು ನೋಡಲಿ. "ನಮ್ಮದು ಸರಿ ಇದೆ" ಎಂಬ ಮಾತನ್ನು ನಂಬಬೇಡಿ.

ಮಾಲ್ಡೀವ್ಸ್ ಆದರೆ ಇನ್ನೊಂದು. ದೂರದ ರೆಸಾರ್ಟ್ ದ್ವೀಪಗಳಿಗೆ ಒಯ್ಯುವ ಸೀಪ್ಲೇನ್ (ನೀರಿನ ಮೇಲೆ ಇಳಿಯುವ ಪುಟ್ಟ ವಿಮಾನ) ಹಗಲಲ್ಲಿ ಮಾತ್ರ ಹಾರುತ್ತದೆ. ಸಂಜೆ ರಾಜಧಾನಿ ಮಾಲೆಗೆ ಇಳಿದರೆ ಆ ರಾತ್ರಿ ಅಲ್ಲೇ ಕೋಣೆ ಹಿಡಿಯಬೇಕು. ಒಂದರಲ್ಲಿ ಹದಿನೈದರ ಆಸುಪಾಸು ಜನ, ಅಂದರೆ ನೀವು ಹೇಗೂ ಎರಡು ಪಾಲಾಗುತ್ತೀರಿ. ಸಾಮಾನು ಸಾಮಾನ್ಯವಾಗಿ ತಲೆಗೆ 20 ಕೆಜಿ, ಕೈಚೀಲ 5 ಕೆಜಿ. 22 ಜನಕ್ಕೆ ಸ್ಪೀಡ್‌ಬೋಟಿನಲ್ಲಿ ತಲುಪುವ ದ್ವೀಪವೇ ಸಲೀಸು.

ಹಂಚಿನಮನೆ

ವಿಲ್ಲಾ ಜಾಹೀರಾತಿನಲ್ಲಿ "22 ಜನ ಮಲಗಬಹುದು" ಎಂದಿದ್ದರೆ ಅದರಲ್ಲಿ ಸೋಫಾ, ಹಜಾರದ ಹಾಸಿಗೆ ಎಲ್ಲ ಸೇರಿರುತ್ತದೆ. ನೀವು ಕೇಳಬೇಕಾದದ್ದು: ಬಾಗಿಲು ಮುಚ್ಚಬಹುದಾದ ಕೋಣೆ ಎಷ್ಟು, ಒಳಗಿನಿಂದಲೇ ಹೋಗುವ ಬಚ್ಚಲು ಎಷ್ಟು, ನೆಲಮಟ್ಟದಲ್ಲಿ ಎಷ್ಟು. ಕಡಲು ಕಾಣಲಿ ಎಂದು ಗುಡ್ಡದ ಮೇಲೆ ಕಟ್ಟಿದ ವಿಲ್ಲಾಗಳಲ್ಲಿ ಮೆಟ್ಟಿಲೇ ಮೆಟ್ಟಿಲು. ರಸ್ತೆಯಿಂದ ಬಾಗಿಲಿಗೆ, ಬಾಗಿಲಿನಿಂದ ಕೊಳಕ್ಕೆ ಎಷ್ಟು ಮೆಟ್ಟಿಲು ಎಂದು ನೇರವಾಗಿ ಸಂಖ್ಯೆ ಕೇಳಿ, "ಸ್ವಲ್ಪ" ಎಂಬ ಉತ್ತರ ಒಪ್ಪಬೇಡಿ.

ನೀರು. ಸ್ನಾನ, ಶೌಚ, ಉಪ್ಪುನೀರು ತೊಳೆಯುವುದು ಎಲ್ಲ ಸೇರಿ ತಲೆಗೆ ದಿನಕ್ಕೆ 120 ಲೀಟರ್ ಹಿಡಿದರೂ 22 ಜನಕ್ಕೆ 2,600 ಲೀಟರ್ ದಾಟುತ್ತದೆ. ಟ್ಯಾಂಕ್ ಎಷ್ಟು, ತುಂಬುವುದು ಬಾವಿಯಿಂದಲಾ, ಲಾರಿಯಿಂದಲಾ, ಯಾವ ಹೊತ್ತಿಗೆ ಎಂದು ಕೇಳಿ. ಬಿಸಿನೀರು ಇನ್ನೂ ಬಿಗಿ. 50 ಲೀಟರ್ ಹೀಟರಿನ 60 ಡಿಗ್ರಿ ನೀರಿಗೆ ತಣ್ಣೀರು ಬೆರೆಸಿ 40 ಡಿಗ್ರಿ ಮಾಡಿಕೊಂಡರೆ ಸುಮಾರು 120 ಲೀಟರ್ ಆಗುತ್ತದೆ. ನಿಮಿಷಕ್ಕೆ 8 ಲೀಟರ್ ಹರಿಯುವ ಶವರಿನಲ್ಲಿ ಐದೈದು ನಿಮಿಷದ ಮೂರು ಸ್ನಾನ, ಅಷ್ಟೇ. ನಾಲ್ಕನೆಯವರಿಗೆ ಮುಕ್ಕಾಲು ಗಂಟೆ ಕಾಯುವ ಯೋಗ. ಕಡಲಿನಿಂದ ಎಲ್ಲರೂ ಒಟ್ಟಿಗೆ ವಾಪಸಾದ ಸಂಜೆ ಜಗಳ ಹುಟ್ಟುವುದು ಇಲ್ಲೇ.

ಕರೆಂಟ್ ಹೋದರೆ ಜನರೇಟರ್ ಎಸಿಗೂ ಸಾಲುತ್ತದೆಯೇ, ದೀಪ ಮತ್ತು ಫ್ಯಾನಿಗೆ ಮಾತ್ರವೇ ಎಂದು ಬರಹದಲ್ಲಿ ತರಿಸಿಕೊಳ್ಳಿ. ಏಳೆಂಟು ಎಸಿ, ಮೂರು ಹೀಟರ್ ಒಟ್ಟಿಗೆ ಓಡಿದರೆ ಹಳೆಯ ವೈರಿಂಗಿನಲ್ಲಿ ಬ್ರೇಕರ್ ಬೀಳುತ್ತದೆ. ಎಸಿ ಓಡುತ್ತಿರುವಾಗ ಕಡಲ ಕಡೆಯ ಬಾಗಿಲು ತೆರೆದಿಟ್ಟರೆ ತಂಪಾದ ಟೈಲ್ಸ್ ಮೇಲೆ ಆರ್ದ್ರಗಾಳಿ ಬಡಿದು ಕಣ್ಣಿಗೆ ಕಾಣದ ತೆಳು ನೀರು ಕೂರುತ್ತದೆ. ವಯಸ್ಸಾದವರು ಜಾರುವುದು ಕಡಲಲ್ಲಲ್ಲ, ಆ ನೆಲದ ಮೇಲೆ.

ಇಷ್ಟೆಲ್ಲ ಸರಿ ಇದ್ದರೆ ವಿಲ್ಲಾ ಒಳ್ಳೆಯದೇ. ಇಲ್ಲದಿದ್ದರೆ ಎರಡು ಅಕ್ಕಪಕ್ಕದ ವಿಲ್ಲಾ.

ಗಾಳಿಪಟ

ಇದಕ್ಕೆ ನನ್ನ ತಕರಾರಿದೆ. ಮೂವರು ವೃದ್ಧರು, ಐದು ಮಕ್ಕಳು ಇರುವಾಗ ರೆಸಾರ್ಟೇ ಮೇಲು. ರಾತ್ರಿ ಹತ್ತಕ್ಕೆ ಮಲಗುವವರೂ ಎರಡರವರೆಗೆ ಹಾಡುವವರೂ ಒಂದೇ ಸೂರಿನಡಿ ಆರು ರಾತ್ರಿ ಇರುವುದು ಕಷ್ಟ. ಹಲವು ರೆಸಾರ್ಟುಗಳಲ್ಲಿ ಲೈಫ್‌ಗಾರ್ಡ್, ನರ್ಸ್, ಸ್ವಾಗತ ಕೌಂಟರ್ ಸಿಗುತ್ತವೆ. ಕೋಣೆಗಳು ಒಂದೇ ಸಾಲಿನಲ್ಲಿ ಬೇಕೆಂದು ಬುಕಿಂಗ್‌ನಲ್ಲೇ ಬರೆಸಿ, ಮಧ್ಯದ ಒಂದನ್ನು ಎಲ್ಲರೂ ಸೇರುವ ಕೋಣೆ ಮಾಡಿಕೊಳ್ಳಿ.

ಲೆಕ್ಕಿಗ

ವಿಲ್ಲಾದಲ್ಲೂ ಕೊಳ ಇದೆ, ರೆಸಾರ್ಟಿನಲ್ಲೂ ಇದೆ. ಇಷ್ಟು ಜನ ದೊಡ್ಡವರು ಸುತ್ತ ಇರುವಾಗ ಮಕ್ಕಳ ವಿಷಯದಲ್ಲಿ ಅಷ್ಟು ಭಯ ಬೇಕಾ?

ಹವಳದಂಡೆ

ಬೇಕು. ಹತ್ತು ಜನ ಸೇರಿದಲ್ಲಿ ಹಾವು ಸಾಯುವುದಿಲ್ಲ ಎಂಬ ಗಾದೆ ಕೊಳದ ದಂಡೆಗೇ ಹೇಳಿ ಮಾಡಿಸಿದ್ದು. ಹದಿನಾಲ್ಕು ದೊಡ್ಡವರು ಕೂತಿದ್ದರೆ ಪ್ರತಿಯೊಬ್ಬರೂ ಇನ್ನೊಬ್ಬರು ನೋಡುತ್ತಿದ್ದಾರೆ ಎಂದುಕೊಂಡಿರುತ್ತಾರೆ. ಮುಳುಗುವ ಮಗು ಕೂಗುವುದಿಲ್ಲ, ಕೈ ಬೀಸುವುದಿಲ್ಲ. ಬಾಯಿ ನೀರಿನ ಮಟ್ಟದಲ್ಲಿ ಮೇಲೆ ಕೆಳಗೆ ಆಗುತ್ತದೆ, ಕೈಗಳು ಬದಿಯಲ್ಲಿ ನೀರನ್ನು ಒತ್ತುತ್ತವೆ, ಮೈ ನೆಟ್ಟಗೆ ನಿಂತಿರುತ್ತದೆ. ಒಂದು ನಿಮಿಷದೊಳಗೆ ಮುಗಿದುಹೋಗುತ್ತದೆ.

ಪರಿಹಾರ: ಸರದಿ. ಒಂದು ಸೀಟಿ ದಾರಕ್ಕೆ ಕಟ್ಟಿ. ಅದು ಯಾರ ಕೊರಳಲ್ಲಿದೆಯೋ ಅವರೇ ಕಾವಲು, 20 ನಿಮಿಷ, ಫೋನ್ ಇಲ್ಲ, ಮಾತು ಇಲ್ಲ, ಮದ್ಯವಂತೂ ಇಲ್ಲ. ಸೀಟಿಯನ್ನು ಮುಂದಿನವರ ಕೈಗೇ ಕೊಟ್ಟು, "ನೀರಲ್ಲಿ ನಾಲ್ಕು ಮಕ್ಕಳಿವೆ" ಎಂದು ಎಣಿಸಿ ಹೇಳಿ ಬಿಡುಗಡೆ ಪಡೆಯಬೇಕು. ಈಜು ಬಾರದ ಮಗುವಿನ ಜೊತೆ ಕೈಗೆಟುಕುವ ದೂರದಲ್ಲಿ ಬೇರೊಬ್ಬರು ನೀರಲ್ಲೇ ಇರಬೇಕು. ಗಾಳಿ ತುಂಬುವ ತೋಳುಪಟ್ಟಿ ಆಟಿಕೆ, ರಕ್ಷಣೆಯಲ್ಲ. ಈಜುಡುಗೆ ಕಿತ್ತಳೆ ಅಥವಾ ಗಾಢ ಗುಲಾಬಿ ಬಣ್ಣದ್ದು ಕೊಳ್ಳಿ. ನೀಲಿ, ಬಿಳಿ ಎರಡು ಅಡಿ ನೀರಿನಡಿಯಲ್ಲೇ ಮಾಯ.

ಸಮುದ್ರದಲ್ಲಿ ಅಲೆ ಒಡೆಯುವ ಸಾಲಿನ ನಡುವೆ ಒಂದು ಕಡೆ ಮಾತ್ರ ಅಲೆ ಒಡೆಯದೆ ನೀರು ಶಾಂತವಾಗಿ, ಕಡುಬಣ್ಣವಾಗಿ ಕಂಡರೆ ಅಲ್ಲಿ ಇಳಿಯಬೇಡಿ. ದಡಕ್ಕೆ ಬಂದ ನೀರು ವಾಪಸ್ ಓಡುವ ಕಾಲುವೆ ಅದು. ಸಿಕ್ಕಿಕೊಂಡರೆ ದಡದ ಕಡೆ ಸೆಣಸದೆ ತೇಲಬೇಕು, ಕೈ ಎತ್ತಿ ಕರೆಯಬೇಕು, ಶಕ್ತಿಯಿದ್ದರೆ ದಡಕ್ಕೆ ಸಮಾನಾಂತರವಾಗಿ ಈಜಿ ಹೊರಬಂದು ಆಮೇಲೆ ದಡಕ್ಕೆ. ಗಾಳಿ ತುಂಬಿದ ತೆಪ್ಪ, ಆನೆ ಕುದುರೆ ಆಕಾರದ ತೇಲುವ ಆಟಿಕೆಗಳನ್ನು ಕೊಳದಲ್ಲೇ ಬಿಟ್ಟುಬನ್ನಿ. ದಡದಿಂದ ಕಡಲಿಗೆ ಗಾಳಿ ಬೀಸುತ್ತಿದ್ದರೆ ಅವು ಈಜುವವರಿಗಿಂತ ವೇಗವಾಗಿ ಓಡುತ್ತವೆ.

ದೋಣಿ. 22 ಜನಕ್ಕೆ ಎರಡು ದೋಣಿ ಮಾಡಿ. ಪರವಾನಗಿಯಲ್ಲಿ ಬರೆದ ಸಂಖ್ಯೆಗೆ ಮಕ್ಕಳೂ ಸೇರಬೇಕು, "ಮಡಿಲಲ್ಲಿ ಕೂರಿಸಿಕೊಳ್ಳಿ" ಎಂದರೆ ಇಳಿದುಬಿಡಿ. ಹಿಂದಿನ ದಿನವೇ ಮಕ್ಕಳ ತೂಕ ಕಳಿಸಿ ಆ ಅಳತೆಯ ಲೈಫ್ ಜಾಕೆಟ್, ಕಾಲ ನಡುವೆ ಪಟ್ಟಿ ಇರುವಂಥದ್ದು, ತರಿಸಿ. ಪಟ್ಟಿ ಇಲ್ಲದಿದ್ದರೆ ಮಗು ಕೆಳಗೆ ಜಾರಿ ಜಾಕೆಟ್ ಮಾತ್ರ ಮೇಲೆ ತೇಲುತ್ತದೆ. ವೃದ್ಧರನ್ನು ಮುಂದೆ ಕೂರಿಸಬೇಡಿ. ಸ್ಪೀಡ್‌ಬೋಟ್ ಅಲೆಯ ಮೇಲೆ ಎದ್ದು ಬೀಳುವಾಗ ಅತಿ ಹೆಚ್ಚು ಹೊಡೆತ ಮೂತಿಯ ಕಡೆಗೆ. ಮೂಳೆ ಸವೆದವರಿಗೆ ಬೆನ್ನುಹುರಿಯ ಸುತ್ತಲಿನ ಕಶೇರು ಕುಸಿಯುವ ಅಪಾಯ ನಿಜ. ಹಿಂಬದಿ, ನಡುಭಾಗ ಸರಿ. ಗರ್ಭಿಣಿಯರಿಗೂ, ಬೆನ್ನುನೋವಿನವರಿಗೂ ಸ್ಪೀಡ್‌ಬೋಟೇ ಬೇಡ, ದೊಡ್ಡ ಫೆರ್ರಿ ಇದ್ದರೆ ಅದು.

ತಲೆ ಎಣಿಸುವುದಕ್ಕೆ ಮೊದಲ ದಿನವೇ ಎಲ್ಲರಿಗೂ 1ರಿಂದ 22 ಸಂಖ್ಯೆ ಕೊಡಿ. ದೋಣಿ ಹೊರಡುವ ಮುನ್ನ ಕ್ರಮವಾಗಿ ಕೂಗಬೇಕು, ಮಗುವಿನ ಸಂಖ್ಯೆಯನ್ನು ಅದರ ಹೊಣೆ ಹೊತ್ತವರು ಮಗುವನ್ನು ಮುಟ್ಟಿ ಹೇಳಬೇಕು. ಒಬ್ಬರು ಬೆರಳು ತೋರಿಸಿ ಎಣಿಸಿದರೆ ಓಡಾಡುವ ಮಕ್ಕಳು ಎರಡು ಬಾರಿ ಲೆಕ್ಕಕ್ಕೆ ಬರುತ್ತಾರೆ, ಮೊತ್ತ ಸರಿಯಾಗಿ ಕಾಣುತ್ತದೆ, ಒಬ್ಬರು ದಂಡೆಯಲ್ಲೇ ಉಳಿದಿರುತ್ತಾರೆ.

ಉಬ್ಬರ ಇಳಿತದ ಪಟ್ಟಿ ಇಟ್ಟುಕೊಳ್ಳಿ. ಸಮಯ ದಿನಕ್ಕೆ ಸುಮಾರು 50 ನಿಮಿಷ ಮುಂದೆ ಹೋಗುತ್ತದೆ, ಸೋಮವಾರ ಹತ್ತಕ್ಕೆ ಸರಿಯಿದ್ದ ನೀರು ಗುರುವಾರ ಹತ್ತಕ್ಕೆ ಇರುವುದಿಲ್ಲ. ಇಳಿತದಲ್ಲಿ ದೋಣಿ ದಂಡೆಗೆ ಬರಲಾಗದೆ ಹವಳದ ಮೇಲೆ ನೂರಾರು ಅಡಿ ನಡೆಯಬೇಕಾಗುತ್ತದೆ. ಹುಣ್ಣಿಮೆ, ಅಮಾವಾಸ್ಯೆಯ ಆಸುಪಾಸಿನಲ್ಲಿ ಇದು ಜೋರು.

ಮಾತ್ರೆಡಬ್ಬಿ

ಔಷಧದ ಚೀಲ ಒಂದೇ ಇರಲಿ, ಒಬ್ಬರ ಹತ್ತಿರ. ಮನೆಮನೆಯವರೂ ಪ್ಯಾರಾಸಿಟಮಾಲ್ ತಂದು ಓಆರ್‌ಎಸ್ ಯಾರೂ ತಂದಿರುವುದಿಲ್ಲ. ಓಆರ್‌ಎಸ್ ಮುಗಿದರೆ: ಒಂದು ಲೀಟರ್ ಶುದ್ಧ ನೀರಿಗೆ ಸಮಮಟ್ಟದ ಆರು ಚಮಚ ಸಕ್ಕರೆ, ಅರ್ಧ ಚಮಚ ಉಪ್ಪು, ಚಹಾ ಚಮಚದಲ್ಲಿ. ಉಪ್ಪು ಹೆಚ್ಚಾಗಬಾರದು.

ಸನ್‌ಸ್ಕ್ರೀನ್ ಎಲ್ಲರೂ ಕಡಿಮೆ ತರುತ್ತಾರೆ. ದೊಡ್ಡವರ ಪೂರ್ತಿ ಮೈಗೆ ಒಂದು ಬಾರಿಗೆ 30 ಮಿಲಿ, ಎರಡು ಗಂಟೆಗೊಮ್ಮೆ ಮತ್ತೆ. 17 ದೊಡ್ಡವರು ದಿನಕ್ಕೆ ಎರಡೇ ಸಲ ಹಚ್ಚಿದರೂ ಒಂದು ಲೀಟರ್. ಉದ್ದ ತೋಳಿನ ಈಜುಅಂಗಿ ತೊಟ್ಟರೆ ಇದು ಸುಮಾರು ಅರ್ಧಕ್ಕೆ ಇಳಿಯುತ್ತದೆ, ಆದ್ದರಿಂದ ಅಂಗಿಗೆ ದುಡ್ಡು ಹಾಕಿ. ಹವಳಕ್ಕೆ ಹಾನಿ ಎಂದು ಹವಾಯಿ 2021ರಿಂದ ಆಕ್ಸಿಬೆಂಜೋನ್, ಆಕ್ಟಿನಾಕ್ಸೇಟ್ ಎಂಬ ರಾಸಾಯನಿಕ ಇರುವ ಸನ್‌ಸ್ಕ್ರೀನ್ ಮಾರಾಟ ನಿಲ್ಲಿಸಿದೆ, ಪೆಸಿಫಿಕ್ ಸಾಗರದ ಪಲಾವ್ ಎಂಬ ದ್ವೀಪದೇಶದಲ್ಲೂ 2020ರಿಂದ ನಿಷೇಧವಿದೆ. ಅವುಗಳ ಬದಲು ಜಿಂಕ್ ಆಕ್ಸೈಡ್ ಇರುವುದನ್ನು ಕೊಂಡರೆ ಸಾಮಾನ್ಯವಾಗಿ ತಕರಾರಿಲ್ಲ. ಮೊದಲು ಸನ್‌ಸ್ಕ್ರೀನ್, ಅದು ಒಣಗಿದ ಮೇಲೆ ಸೊಳ್ಳೆ ಮುಲಾಮು. ಡೆಂಗಿ ಸೊಳ್ಳೆ ಕಚ್ಚುವುದು ಹಗಲಲ್ಲಿ, ರಾತ್ರಿಯ ಪರದೆ ನೆಚ್ಚಿಕೊಂಡರೆ ಸಾಲದು. ಜ್ವರ ಬಂದರೆ ಪ್ಯಾರಾಸಿಟಮಾಲ್ ಮಾತ್ರ. ಡೆಂಗಿ ಅಲ್ಲವೆಂದು ಖಚಿತವಾಗುವವರೆಗೆ ಐಬುಪ್ರೊಫೆನ್, ಆಸ್ಪಿರಿನ್ ಬೇಡ, ರಕ್ತಸ್ರಾವ ಹೆಚ್ಚುತ್ತದೆ. ಹೃದಯಕ್ಕೆಂದು ದಿನವೂ ಆಸ್ಪಿರಿನ್ ತಿನ್ನುವ ಹಿರಿಯರು ತಾವೇ ನಿಲ್ಲಿಸದೆ ವೈದ್ಯರನ್ನು ಕೇಳಲಿ.

ಸಿಂಹಮೀನು, ಕಲ್ಲುಮೀನು, ಕಡಲ ಮುಳ್ಳುಚೆಂಡು ಚುಚ್ಚಿದರೆ ತಡೆಯುವಷ್ಟು ಬಿಸಿನೀರಿನಲ್ಲಿ, 45 ಡಿಗ್ರಿ ಮೀರದಂತೆ, ಅರ್ಧದಿಂದ ಒಂದೂವರೆ ಗಂಟೆ ಅದ್ದಿಡಿ. ಬಿಸಿಯನ್ನು ನೋವಿಲ್ಲದ ಕೈಯಿಂದ ಮೊದಲು ಪರೀಕ್ಷಿಸಿ. ವಾಂತಿಯ ಮಾತ್ರೆ ದೋಣಿ ಹತ್ತುವ ಒಂದು ಗಂಟೆ ಮೊದಲು, ತಲೆ ಸುತ್ತಿದ ಮೇಲೆ ನುಂಗಿ ಪ್ರಯೋಜನ ಕಡಿಮೆ. ಇನ್ಸುಲಿನ್ ಕೈಚೀಲದಲ್ಲಿ, ಐಸ್‌ಗೆ ನೇರ ತಗುಲದಂತೆ.

ಹಿರಿಯರಿಗೆ ಸ್ನಾರ್ಕೆಲ್ (ಮಾಸ್ಕ್ ತೊಟ್ಟು, ಉಸಿರಿನ ಕೊಳವೆ ಕಚ್ಚಿ ನೀರಿನ ಮೇಲೆ ತೇಲುತ್ತ ಕೆಳಗೆ ನೋಡುವುದು) ಬೇಕೇಬೇಕೆಂದರೆ ಬೆಳಗಿನ ನಿಶ್ಚಲ ನೀರಲ್ಲಿ, ಕಾಲು ನೆಲಕ್ಕೆ ತಾಗುವಲ್ಲಿ, ಜಾಕೆಟ್ ತೊಟ್ಟು. ಹವಾಯಿಯಲ್ಲಿ ಪ್ರವಾಸಿಗರು ನೀರಲ್ಲಿ ಸಾಯುವುದಕ್ಕೆ ಮುಖ್ಯ ಕಾರಣಗಳಲ್ಲಿ ಅದೂ ಒಂದು. ಮಾಸ್ಕನ್ನು ಪಟ್ಟಿಯಿಲ್ಲದೆ ಮುಖಕ್ಕೊತ್ತಿ ಮೂಗಿನಿಂದ ಉಸಿರೆಳೆಯಿರಿ, ಕೈಬಿಟ್ಟರೂ ಅಂಟಿಕೊಂಡಿದ್ದರೆ ಅಳತೆ ಸರಿ. ಮೀಸೆ ಇದ್ದವರಿಗೆ ನೀರು ಸೋರುವುದು ಅಲ್ಲಿಂದಲೇ.

ಹಂಚಿನಮನೆ

ದುಡ್ಡಿನ ಪ್ರಶ್ನೆ ಉಳಿದಿತ್ತು. ಕೋಣೆ ಬಾಡಿಗೆ ಕೋಣೆಯ ಲೆಕ್ಕದಲ್ಲಿ, ದೋಣಿ ಮತ್ತು ವ್ಯಾನು ಸೀಟಿನ ಲೆಕ್ಕದಲ್ಲಿ, ಊಟ ತಲೆ ಲೆಕ್ಕದಲ್ಲಿ, ಮಗುವಿಗೆ ಅರ್ಧ. ಮದ್ಯ ಮತ್ತು ಸ್ಪಾ ಪ್ರತ್ಯೇಕ. ಒಂದು ನಿಯಮವನ್ನು ಮುಂಗಡಕ್ಕೆ ಮೊದಲೇ ಬರೆದು ಎಲ್ಲರಿಂದ ಒಪ್ಪಿಗೆ ಪಡೆಯಿರಿ: ಹಿಂದೆ ಸರಿದವರ ಪಾಲಿನಲ್ಲಿ ವಾಪಸ್ ಬರದ ಹಣ ಅವರದೇ ಹೊಣೆ, ಬದಲಿ ಜನ ಸಿಕ್ಕಿದರೆ ಮಾತ್ರ ಮುಕ್ತಿ. ಸಣ್ಣ ಖರ್ಚಿಗೆ ಪ್ರತಿ ಕುಟುಂಬದಿಂದ ಸಮ ಮೊತ್ತ ಹಾಕಿ ಒಂದು ನಿಧಿ, ಒಬ್ಬ ಖಜಾಂಚಿ. ಖರ್ಚು ಹಂಚುವ ಸ್ಪ್ಲಿಟ್‌ವೈಸ್ ಆ್ಯಪ್‌ನಲ್ಲಿ ಅದೇ ರಾತ್ರಿ ಬರೆಯಲಿ, ಮೂರು ದಿನ ಬಿಟ್ಟರೆ ರಸೀದಿ ಬೆವರಿಗೆ ಅಳಿಸಿಹೋಗಿರುತ್ತದೆ.

ವಿಮೆ ಕುಟುಂಬಕುಟುಂಬಕ್ಕೆ ಬೇರೆ ಇರಲಿ, ಹಿರಿಯರ ಹಳೆಯ ಕಾಯಿಲೆ ಮುಚ್ಚಿಡದೆ ಬರೆಸಿ. ಸ್ಕೂಟರ್ ಬಾಡಿಗೆಗೆ ಹಿಡಿಯುವ ಹುಡುಗರಿಗೆ ಆ ದೇಶದಲ್ಲಿ ನಡೆಯುವ ದ್ವಿಚಕ್ರ ಪರವಾನಗಿ ಇಲ್ಲದಿದ್ದರೆ ಬಿದ್ದಾಗ ವಿಮೆ ಕೈಯೆತ್ತುವುದು ಸಾಮಾನ್ಯ.

ಹವಳದಂಡೆ

ಒಂದು ಬಿಟ್ಟುಹೋಗಿತ್ತು. ಯಾರಾದರೂ ಸ್ಕೂಬಾ (ಗಾಳಿ ಸಿಲಿಂಡರ್ ಹೊತ್ತು ಆಳಕ್ಕೆ ಇಳಿಯುವುದು) ಮಾಡುವುದಿದ್ದರೆ ಮೊದಲ ದಿನಗಳಲ್ಲೇ ಮುಗಿಸಿ. ಒಂದೇ ಸಲ ಇಳಿದರೆ 12 ಗಂಟೆ, ಹಲವು ಸಲ ಅಥವಾ ಹಲವು ದಿನ ಇಳಿದರೆ 18 ಗಂಟೆ ವಿಮಾನ ಹತ್ತಬಾರದು. ಸೀಪ್ಲೇನ್ ಕೂಡ ವಿಮಾನವೇ. ಕೊನೆಯ ದಿನ ಗುಂಪಿನ ಕಾರ್ಯಕ್ರಮ ಏನೂ ಇಡಬೇಡಿ, ಒದ್ದೆ ಬಟ್ಟೆ ಒಣಗಿಸಲು ಒಂದು ಹಗಲು ಬೇಕು. 20 ಕೆಜಿ ಮಿತಿಯಲ್ಲಿ ಒದ್ದೆ ಟವೆಲ್ಲುಗಳ ತೂಕವೂ ಸೇರುತ್ತದೆ.