ತಂದೆ-ತಾಯಿ ಎರಡೂ ಮರ್ಲ್ ಇರುವ ಆಸ್ಟ್ರೇಲಿಯನ್ ಶೆಫರ್ಡ್ ಮರಿ ತಗೊಳ್ಳಬಹುದಾ?

ಮೋಟುಬಾಲ:
ಮನೆಯಲ್ಲಿ 5 ಮತ್ತು 8 ವರ್ಷದ ಮಕ್ಕಳಿದ್ದಾರೆ. ನೋಡಿರುವ ಸೂಲಿನಲ್ಲಿ ತಂದೆ, ತಾಯಿ ಎರಡೂ ಬ್ಲೂ ಮರ್ಲ್ (ಬೂದು ಮೈಮೇಲೆ ಕಪ್ಪು ಮಚ್ಚೆ). "ಎಲ್ಲಾ ಮರಿಗೂ ಅದೇ ಬಣ್ಣ ಗ್ಯಾರಂಟಿ" ಅಂತಾರೆ. 6 ವಾರಕ್ಕೇ ಕೊಡ್ತಾರಂತೆ. "ಡಾಕ್ಟರ್ ನೋಡಿದ್ದಾರೆ" ಅನ್ನೋದು ಬಿಟ್ಟರೆ ಬೇರೆ ಕಾಗದ ಇಲ್ಲ. ಏನೇನು ಕೇಳಬೇಕು? ಮುಂದೆ ಒಂದು ಸೂಲು ಮರಿ ಹಾಕಿಸುವ ಆಸೆಯೂ ಇದೆ.

ಮಂದೆಗಾವಲು:
ಆ ಸೂಲು ಬಿಟ್ಟುಬಿಡಿ. ಮರ್ಲ್‌ಗೆ ಮರ್ಲ್ ಕೂಡಿಸಿದರೆ ಸರಾಸರಿ ನಾಲ್ಕು ಮರಿಯಲ್ಲಿ ಒಂದಕ್ಕೆ ಎರಡೂ ಕಡೆಯಿಂದ ಆ ಜೀನ್ ಬರುತ್ತದೆ. ಅಂಥದ್ದು ಹೆಚ್ಚಾಗಿ ಬಿಳಿ ಇರುತ್ತದೆ. ಕಿವುಡು, ಕುರುಡು ಆಗುವ ಅಪಾಯ ತುಂಬಾ ಜಾಸ್ತಿ. ಒಳಕಿವಿಗೂ ಬಣ್ಣದ ಜೀವಕೋಶ ಬೇಕು, ಅವಿಲ್ಲದಿದ್ದರೆ ಶಬ್ದ ಹಿಡಿಯುವ ಜೀವಕೋಶಗಳು ಹುಟ್ಟಿದ ಕೆಲವೇ ವಾರಗಳಲ್ಲಿ ಸಾಯುತ್ತವೆ. ಇನ್ನೊಂದು ಕಾಲು ಭಾಗದ ಮರಿಗಳು ಮರ್ಲ್ ಆಗಿರುವುದೇ ಇಲ್ಲ. ಅಂದರೆ ಆ ಗ್ಯಾರಂಟಿಯೂ ಸುಳ್ಳು.

ಕೇಳಬೇಕಾದ ಕಾಗದ ತಂದೆ-ತಾಯಿಯದು. ಸೊಂಟದ ಕೀಲಿನ ಎಕ್ಸ್‌-ರೇ 2 ವರ್ಷ ತುಂಬಿದ ಮೇಲೆ ತೆಗೆದು ಗ್ರೇಡ್ ಮಾಡಿಸಿರಬೇಕು. ಕಣ್ಣನ್ನು ಪ್ರಾಣಿಗಳ ನೇತ್ರತಜ್ಞರೇ ನೋಡಿರಬೇಕು. ಮರಿಗಳ ಕಣ್ಣು ಪರೀಕ್ಷೆ 6ರಿಂದ 8 ವಾರದೊಳಗೇ ಆಗಬೇಕು. ಆಮೇಲೆ ಕೋಲಿ ಐ (ಹುಟ್ಟಿನಿಂದಲೇ ಕಣ್ಣಿನ ಹಿಂಪದರದಲ್ಲಿರುವ ದೋಷ) ಸೌಮ್ಯವಾಗಿದ್ದರೆ ಅದರ ಮೇಲೆ ಬಣ್ಣ ಮುಚ್ಚಿಕೊಂಡು ಕಣ್ಣು ಸರಿಯಿದ್ದಂತೆ ಕಾಣುತ್ತದೆ.

ಕೆಲವು ಔಷಧಿ ಮಿದುಳಿಗೆ ಹೋಗದಂತೆ ತಡೆಯುವ ಎಂಡಿಆರ್1 ಜೀನ್‌ನ ಪರೀಕ್ಷೆಗೆ ಕೆನ್ನೆಯ ಒಳಗಿನ ಸ್ವಾಬ್ ಸಾಕು. ಈ ದೋಷವಿರುವ ನಾಯಿಗೆ ಹೃದಯದ ಹುಳಕ್ಕೆ ತಿಂಗಳಿಗೊಮ್ಮೆ ಕೊಡುವ ಐವರ್ಮೆಕ್ಟಿನ್ (ಕೆಜಿಗೆ 6 ಮೈಕ್ರೋಗ್ರಾಂ) ಏನೂ ಹಾನಿ ಮಾಡದು. ಕಜ್ಜಿಗೆ ಕೊಡುವ ಕೆಜಿಗೆ 300–600 ಮೈಕ್ರೋಗ್ರಾಂ ಮಿದುಳಿಗೇ ನುಗ್ಗುತ್ತದೆ: ತೂರಾಟ, ಜೊಲ್ಲು, ಆಮೇಲೆ ಕೋಮಾ. ಭೇದಿಗೆ ಕೊಡುವ ಲೋಪೆರಮೈಡ್ ಕೂಡ ಬೇಡ.

ಮೂರ್ಛೆರೋಗಕ್ಕೆ ಈ ತಳಿಯಲ್ಲಿ ನಂಬುವಂಥ ಜೀನ್ ಪರೀಕ್ಷೆ ಇಲ್ಲ. ಅಜ್ಜ-ಅಜ್ಜಿ, ಒಡಹುಟ್ಟಿದ ನಾಯಿಗಳಿಗೆ ಫಿಟ್ಸ್ ಬಂದಿತ್ತಾ ಅಂತ ನೇರವಾಗಿ ಕೇಳಿ. ಉತ್ತರ ತೇಲಿಸಿದರೆ ಎದ್ದು ಬನ್ನಿ.

ಹಿಮ್ಮಡಿ:
6 ವಾರ ಬೇಡವೇ ಬೇಡ, ಕನಿಷ್ಠ 8. ಎಷ್ಟು ಜೋರಾಗಿ ಕಚ್ಚಬಾರದು ಅನ್ನುವುದನ್ನು ಮರಿ ಕಲಿಯುವುದು ತಾಯಿ ಮತ್ತು ಒಡಹುಟ್ಟಿದವುಗಳ ಜತೆ. ಚಿಕ್ಕ ಮಕ್ಕಳಿರುವ ಮನೆಗೆ ಅದೇ ಮುಖ್ಯ.

ದಿಟ್ಟಿಸುವುದು, ಹೊಂಚುವುದು, ಅಟ್ಟುವುದು, ಹಿಮ್ಮಡಿಗೆ ಬಾಯಿ ಹಾಕುವುದು – ಇವು ಸಿಟ್ಟಲ್ಲ, ಮಂದೆ ಕಾಯುವ ಈ ತಳಿಯ ಕಸುಬು. ಮಕ್ಕಳು ಕಿರುಚಿ ಓಡಿದರೆ ಅದಕ್ಕೆ ಅವರೇ ಕುರಿ. ಕೈಕಟ್ಟಿ ಮರದಂತೆ ನಿಲ್ಲಲು ಮಕ್ಕಳಿಗೆ ಕಲಿಸಿ. ಆಟದ ಹೊತ್ತಲ್ಲಿ ಮರಿಗೆ ಹಗ್ಗ ಹಾಕಿ ಹಿಡಿದುಕೊಳ್ಳಿ. ಓಡುವ ಮಗುವಿನಿಂದ ಕಣ್ಣು ತೆಗೆದು ನಿಮ್ಮತ್ತ ನೋಡಿದ ಕ್ಷಣ ತಿನಿಸು ಕೊಡಿ.

ಆರಿಸುವಾಗ 7 ವಾರದ ಮರಿಯ ಎದುರು ಎರಡು ಮಾರು ದೂರದಲ್ಲಿ ಬೀಗದ ಕೈ ಗೊಂಚಲು ಬೀಳಿಸಿ. ಬೆಚ್ಚಿದರೆ ಪರವಾಗಿಲ್ಲ. ಕೆಲವೇ ಸೆಕೆಂಡಲ್ಲಿ ಬಂದು ಮೂಸುವ ಮರಿ ಮನೆಗೆ ಸರಿ. ಮೂಲೆಗೆ ಹೋಗಿ ಹೊರಬರದ್ದು ಬೇಡ, ಎದುರು ಬಂದವರನ್ನೆಲ್ಲಾ ಅಟ್ಟುವ ಪುಂಡನೂ ಬೇಡ. ತಾಯಿಯನ್ನು ನೋಡದೆ ಮರಿ ಆರಿಸಬೇಡಿ.

ದಿನಾ ಗಂಟೆಗಟ್ಟಲೆ ಚೆಂಡು ಎಸೆದರೆ ಸುಸ್ತಾಗುತ್ತದೆ ಅನ್ನುವುದು ಭ್ರಮೆ. ದಮ್ಮು ಹೆಚ್ಚುತ್ತದೆ, ಚೆಂಡಿನ ಹುಚ್ಚು ಹಿಡಿಯುತ್ತದೆ. ಸುಮ್ಮನೆ ಮಲಗುವುದನ್ನೂ ಕಲಿಸಬೇಕು.

ಮೋಟುಬಾಲ:
ಆ ಸೂಲು ಕೈಬಿಟ್ಟೆವು. ಕೋಲಿ ಐ ದೋಷದ ಜೀನ್ ಪರೀಕ್ಷೆಯಲ್ಲಿ "ಕ್ಯಾರಿಯರ್" (ದೋಷದ ಜೀನ್ ಒಂದೇ ಪ್ರತಿ, ರೋಗ ಇಲ್ಲ) ಅಂತ ಬಂದರೆ ಆ ನಾಯಿಯಿಂದ ಮರಿ ಹಾಕಿಸಬಾರದಾ?

ಮಂದೆಗಾವಲು:
ಹಾಕಿಸಬಹುದು, ಜೋಡಿ ಕ್ಲಿಯರ್ (ಆ ದೋಷದ ಜೀನ್ ಇಲ್ಲದ್ದು) ಇರಬೇಕು ಅಷ್ಟೇ. ಆಗ ಒಂದು ಮರಿಗೂ ಆ ದೋಷ ಬರುವುದಿಲ್ಲ, ಸುಮಾರು ಅರ್ಧ ಮರಿಗಳು ಕ್ಯಾರಿಯರ್ ಆಗುತ್ತವೆ. ಕ್ಯಾರಿಯರ್‌ಗಳನ್ನೆಲ್ಲಾ ತೆಗೆದುಹಾಕಿದರೆ ತಳಿಯ ರಕ್ತ ಇನ್ನೂ ಇಕ್ಕಟ್ಟಾಗಿ ಬೇರೆ ರೋಗ ಎದ್ದು ಬರುತ್ತದೆ. ಎಂಡಿಆರ್1 ಮಾತ್ರ ಬೇರೆ: ಒಂದೇ ಪ್ರತಿ ಇದ್ದರೂ ಕೆಲವು ಔಷಧಿಗೆ ತೊಂದರೆ ಆಗಬಹುದು.

ಹುಷಾರು, ಕೆಲವು ಕೆಂಪು-ಕೆನೆ ಬಣ್ಣದ ನಾಯಿಗಳಲ್ಲಿ ಮರ್ಲ್ ಅಡಗಿರುತ್ತದೆ, ಕಣ್ಣಿಗೆ ಕಾಣದು. ಪರೀಕ್ಷೆ ಮಾಡಿಸಿಯೇ ಜೋಡಿ ಮಾಡಿ. ಹುಟ್ಟುಮೋಟು ಬಾಲದ ಎರಡನ್ನು ಕೂಡಿಸಬೇಡಿ. ಆ ಜೀನ್ ಎರಡೂ ಕಡೆಯಿಂದ ಬಂದ ಭ್ರೂಣ ಸಾಮಾನ್ಯವಾಗಿ ಉಳಿಯುವುದಿಲ್ಲ.

ಹಿಮ್ಮಡಿ:
ಹೆಣ್ಣಿಗೆ 2 ವರ್ಷ ತುಂಬಿ ಎಕ್ಸ್‌-ರೇ ಫಲಿತಾಂಶ ಬರುವ ತನಕ ಎಷ್ಟು ಬೆದೆ ಬಂದರೂ ಜೋಡಿ ಮಾಡಬೇಡಿ. ಗಬ್ಬ ಸುಮಾರು 63 ದಿನ. ಅರ್ಧ ಗಂಟೆ ಜೋರಾಗಿ ಮುಕ್ಕಿದರೂ ಮರಿ ಬರದಿದ್ದರೆ ಕಾಯಬೇಡಿ, ತಕ್ಷಣ ಡಾಕ್ಟರ್. ಮರಿ ಕೊಡುವಾಗ ಬರೆದುಕೊಡಿ: ಸಾಕಲಾಗದಿದ್ದರೆ ಯಾವ ವಯಸ್ಸಲ್ಲಾದರೂ ನಿಮ್ಮಲ್ಲಿಗೇ ವಾಪಸ್. ಎಂಟು ನಾಯಿ ವಾಪಸ್ ಬಂದರೆ ಕಟ್ಟಲು ಜಾಗ ಇದೆಯಾ ಅಂತ ಮೊದಲೇ ಎಣಿಸಿಕೊಳ್ಳಿ.